ಚೆಲುವಮ್ಮನ ತೂತು ಬೋಗುಣಿ, ಚಂದನಾಳ ಕಾರಿನ ಗಾಲಿ

ಶುಕ್ರವಾರ ಸಂಜೆ ಐದು ಗಂಟೆ. ಮಾನಂತವಾಡಿಯಿಂದ ಗಡಿಯೂರು ಬಾವಲಿಗೆ ಬರುವ ದಾರಿಯಲ್ಲಿ, ಕಾಟ್ಟಿಕುಳಂ ದಾಟಿ ಕಾಡು ಶುರುವಾದ ಮೇಲೆ, ಚಂದನಾಳ ಕಾರಿನ ಎಡಮುಂದಿನ ಟೈರು ಮತ್ತೆ ಕೂತುಬಿಟ್ಟಿತು.

ಹಿಂದಿನ ಸೀಟಿನಲ್ಲಿ ಕುಳ್ಳನ್ ಒರಗಿ ಕೂತಿದ್ದರು. ಬಾವಲಿಯ ಅಂಚಿನ ಆದಿವಾಸಿ ಹಾಡಿಯವರು, ವಯಸ್ಸು ಅರವತ್ತರ ಮೇಲೆ. ಮೂತ್ರಪಿಂಡಗಳು ಕೈಕೊಟ್ಟಿದ್ದರಿಂದ ಪ್ರತಿ ಮಂಗಳವಾರ, ಶುಕ್ರವಾರ ಮಾನಂತವಾಡಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಕೊಂಡು ಮಲಗಿ ಬಂದ ದಿನ ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಅವರಿಗಿಲ್ಲ. ಒಂದೂವರೆ ವರ್ಷದಿಂದ ಅವರನ್ನು ಕರೆದೊಯ್ದು ಕರೆತರುವವಳು ಚಂದನಾ.

“ಇಳೀಬೇಡಿ ಮಾವ. ಬಾಗಿಲು ಹಾಕ್ಕೊಂಡು ಕೂತಿರಿ,” ಎಂದಳು ಚಂದನಾ.

“ಇಳಿಯಕ್ಕೆ ನಂಗೇನು ಹುಚ್ಚಾ ಮಗಳೇ? ಆನೆ ಬಂದ್ರೆ ನೀನು ಓಡ್ತೀಯ. ನಾನು ಅದ್ರ ಜೊತೆ ಮಾತಾಡ್ತಾ ಕೂರ್ಬೇಕಾಯ್ತದೆ.”

ಕಾಡಿನ ದಾರಿಯಲ್ಲಿ ವಾಹನ ನಿಲ್ಲಿಸಬಾರದು ಎಂಬುದು ನಿಯಮ. ಟೈರಿಗೆ ಆ ನಿಯಮ ಗೊತ್ತಿಲ್ಲ. ಬಿದಿರು ಮೆಳೆಯ ಕಡೆ ಒಂದು ಕಣ್ಣಿಟ್ಟು ಚಂದನಾ ಜಾಕ್ ಕೊಟ್ಟಳು, ನಾಲ್ಕು ನಟ್ಟು ಬಿಚ್ಚಿದಳು, ಸ್ಟೆಪ್ನಿ ಏರಿಸಿದಳು. ಹನ್ನೊಂದು ನಿಮಿಷ ಹಿಡಿಯಿತು. ಅನುಭವಸ್ಥ ಡ್ರೈವರುಗಳಿಗೂ ಅಂಥ ಜಾಗದಲ್ಲಿ ಹನ್ನೊಂದು ನಿಮಿಷದಲ್ಲಿ ಮುಗಿಸುವುದು ಕಷ್ಟ.

ಆದರೆ ಈಗ ಸ್ಟೆಪ್ನಿಯೂ ಕಾರಿನ ಕೆಳಗೆ ಹೋಯಿತು. ಹಿಂದಿನ ಬಲಗಡೆಯ ಟೈರಿನಲ್ಲೂ ವಾರಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು. ಮುಂದಿನ ಪ್ರಯಾಣ ಮಂಗಳವಾರ ಬೆಳಿಗ್ಗೆ ಆರೂವರೆಗೆ. ಅಷ್ಟರೊಳಗೆ ಕೆಟ್ಟ ಗಾಲಿ ಸರಿಹೋಗಬೇಕು. ಇಲ್ಲದಿದ್ದರೆ ಅದೇ ಕಾಡಿನಲ್ಲಿ, ಅದೇ ರೋಗಿಯನ್ನು ಕೂರಿಸಿಕೊಂಡು, ಸ್ಟೆಪ್ನಿಯಿಲ್ಲದೆ ಹೋಗಬೇಕು.

ಶನಿವಾರ ಬೆಳಿಗ್ಗೆ ಚಂದನಾ ಗಾಲಿಯನ್ನು ಕಾಟ್ಟಿಕುಳಂಗೆ, ರತೀಶನ ಟೈರ್ ಅಂಗಡಿಗೆ ಒಯ್ದಳು. ಜೊತೆಗೆ ಅವಳ ಅಪ್ಪ ಬಸವಯ್ಯನೂ ಹೋದ. ರತೀಶ ಟೈರನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸಿ ನೋಡಿದ.

“ಪಂಚರ್ ಇಲ್ಲ, ಕೇಳ್ದ್ಯಾ ಚಂದನಾ. ಮೂರು ಸಲ ನೋಡ್ದೆ.”

“ಹಂಗಾದ್ರೆ ಗಾಳಿ ಎಲ್ಲಿಗೆ ಹೋಯ್ತದೆ? ನಮ್ಮಪ್ಪ ಅದನ್ನ ಉಸಿರಾಡ್ತಾನಾ?”

ರತೀಶ ನಕ್ಕು, ಟೈರೂ ಗಾಲಿಯೂ ಕೂಡುವ ಅಂಚಿಗೆ ಸೋಪಿನ ನೀರು ಹಚ್ಚಿದ. ಅರ್ಧ ನಿಮಿಷದಲ್ಲಿ ಆ ಅಂಚಿನ ಒಂದು ಗೇಣು ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಟೈರು ಬಿಚ್ಚಿ ತೋರಿಸಿದ. ಟೈರಿನ ಅಂಚು ಬಿಗಿಯಾಗಿ ಕೂರಬೇಕಾದ ಜಾಗದಲ್ಲಿ ಬಣ್ಣ ಉಬ್ಬಿ ಎದ್ದಿತ್ತು. ಅದರಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಹೊರಮುಖದಲ್ಲೂ ಅಷ್ಟೇ. ಬಣ್ಣವನ್ನು ಕಾಯಲೆಂದು ಮೇಲೆ ಬಳಿದಿರುವ ಗಾಜಿನಂಥ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಆ ಪದರ ಅಲ್ಲಲ್ಲಿ ಒಡೆದು, ಒಳಗೆ ನೀರು ನುಗ್ಗಿತ್ತು.

ಗಾಲಿಯನ್ನು ಸುತ್ತಲೂ ತಿರುಗಿಸಿ, ಬಟ್ಟೆಯಿಂದ ಒರೆಸಿ, ರತೀಶ ಬೆಳಕಿಗೆ ಹಿಡಿದ. “ಬಿರುಕಿಲ್ಲ, ಬೆಂಡಿಲ್ಲ, ಆಳವಾಗಿ ತಿಂದೂ ಇಲ್ಲ. ಭಾಗ್ಯ. ಬಿರುಕಿದ್ರೆ ಗುಜರಿಗೇ ಹಾಕು ಅಂತಿದ್ದೆ. ಹಳೇ ಬಣ್ಣ, ಕ್ಲಿಯರ್ ಕೋಟ್, ಎಲ್ಲಾ ಪೂರ್ತಿ ತೆಗೀಬೇಕು. ಹಳೇದ್ರ ಮೇಲೇ ಹೊಸಾದು ಹೊಡೆದ್ರೆ ಒಂದು ಮಳೆಗಾಲ ನಿಲ್ಲಲ್ಲ. ಬಣ್ಣ ನಾನು ಹೊಡೀತೀನಿ. ತೆಗೆಯೋ ಕೆಲಸಕ್ಕೆ ಮಾತ್ರ ನಂಗೆ ಬುಧವಾರದವರೆಗೂ ಪುರುಸೊತ್ತಿಲ್ಲ. ಭಾನುವಾರ ಸಾಯಂಕಾಲದೊಳಗೆ ಗಾಲಿ ಬೆತ್ತಲೆ ಮಾಡಿ ತಂದ್ಕೊಡಿ, ಸೋಮವಾರ ಸಾಯಂಕಾಲ ಕಾರಿಗೆ ಹಾಕ್ಕೊಡ್ತೀನಿ.”

“ಅಷ್ಟೇ ತಾನೆ?” ಎಂದ ಬಸವಯ್ಯ. “ನಾನಿಲ್ವಾ!”

ಬಸವಯ್ಯ ಹಾಗೆಂದದ್ದು ಜಂಭದ ಮಾತಲ್ಲ. ಇಪ್ಪತ್ತಾರು ವರ್ಷ ಅವನು ಬಾವಲಿ–ಮಾನಂತವಾಡಿ ದಾರಿಯಲ್ಲಿ ಜೀಪು ಓಡಿಸಿದವನು. ಪ್ರತಿ ಮಳೆಗಾಲ ಮುಗಿದ ಮೇಲೆ ಕಬ್ಬಿಣದ ಡ್ರಮ್ಮಿನಲ್ಲಿ ನೀರು ಕಾಯಿಸಿ, ಕಾಸ್ಟಿಕ್ ಸೋಡಾ ಸುರಿದು, ಜೀಪಿನ ಗಾಲಿಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದ. ಬೆಳಗಾಗುವುದರೊಳಗೆ ಹಳೇ ಬಣ್ಣ, ಡಾಂಬರು, ಜಿಡ್ಡು ಎಲ್ಲ ಬಿಟ್ಟು ಕಬ್ಬಿಣ ಹೊಳೆಯುತ್ತಿತ್ತು. ಆ ದಾರಿಯ ಹತ್ತಾರು ಜೀಪಿನವರು ಗಾಲಿಗಳನ್ನು ಅವನ ಅಂಗಳಕ್ಕೆ ತರುತ್ತಿದ್ದರು. ಜೀಪು ಮಾರಿ ಒಂಬತ್ತು ವರ್ಷವಾಗಿದ್ದರೂ ಅದರ ಒಂದು ಗಾಲಿಯನ್ನು ಅಂಗಳದಲ್ಲಿ ಮಲಗಿಸಿ, ಬೆಳಿಗ್ಗೆ ಅದರ ಮೇಲೆ ಕೂತೇ ಅವನು ಕಾಪಿ ಕುಡಿಯುವುದು.

ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಡ್ರಮ್ಮು ಒಲೆಯ ಮೇಲೆ ಕೂತು ಆವಿಯಾಡುತ್ತಿತ್ತು. ತೊಲೆಗೆ ಹಾಕಿದ ಸರಪಳಿಯಲ್ಲಿ ಚಂದನಾಳ ಕಾರಿನ ಗಾಲಿ ತೂಗುತ್ತಿತ್ತು. ಬಸವಯ್ಯನ ತುಟಿಯಲ್ಲಿ ಬೀಡಿ, ಕೈಯಲ್ಲಿ ಹಳೇ ಗಾಜಿನ ಭರಣಿ. ಭರಣಿಯ ಮೇಲೆ ಯಾವ ಹೆಸರೂ ಇಲ್ಲ. ಒಳಗಿದ್ದದ್ದು ಜೀಪಿನ ಕಾಲದ ಕಾಸ್ಟಿಕ್ ಸೋಡಾ, ಗಂಟುಗಟ್ಟಿತ್ತು.

ಅವನ ಹೆಂಡತಿ ಚೆಲುವಮ್ಮ ಬಂದದ್ದು ಆಗ.

ಚೆಲುವಮ್ಮ ಆರು ಹೆಂಗಸರ ಕುಟುಂಬಶ್ರೀ ಸ್ವಸಹಾಯ ಗುಂಪಿನ ಮುಖ್ಯಸ್ಥೆ. ಮನೆಯ ಪಕ್ಕದ ಕೋಣೆಯಲ್ಲಿ ಅವರು ಏಳು ವರ್ಷದಿಂದ ಕೊಬ್ಬರಿ ಎಣ್ಣೆಯ ಸೋಪು ಮಾಡುತ್ತಿದ್ದಾರೆ. ಸೋಪಿಗೂ ಬೇಕಾದದ್ದು ಅದೇ ಕಾಸ್ಟಿಕ್ ಸೋಡಾ. ಅವಳ ಸೋಡಾ ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ, ಬೀಗದ ಕೈ ಸೊಂಟದಲ್ಲಿ. ಗ್ರಾಮಿನ ಲೆಕ್ಕದಲ್ಲಿ ತೂಗದೆ, ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕದೆ ಅವಳು ಅದನ್ನು ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಏಳು ವರ್ಷದಲ್ಲಿ ಅವಳ ಗುಂಪಿನ ಒಬ್ಬಳ ಕೈಯೂ ಸುಟ್ಟಿಲ್ಲ.

“ರೀ, ಆ ಭರಣೀಲಿ ಏನದು?”

“ಉಪ್ಪಿನಕಾಯಿ,” ಎಂದ ಬಸವಯ್ಯ.

“ಸೋಡಾ ತಾನೆ? ಕುದಿಯೋ ನೀರಿಗೆ ಸುರೀತೀರಾ? ಸಿಡಿದು ಮೋರೆಗೆ ಹಾರ್ತದೆ. ತಣ್ಣೀರಿಗೆ ಒಂದೊಂದೇ ಚಿಟಿಕೆ ಹಾಕ್ಬೇಕು. ನಾವು ಹಾಕೋದು ಹಂಗೆ.”

“ಏ ಹೋಗಮ್ಮಿ. ಸೋಪು ಮಾಡೋಳು ನಂಗೆ ಗಾಲಿ ಹೇಳ್ಕೊಡಕ್ಕೆ ಬಂದ್ಲು. ಇಪ್ಪತ್ತಾರು ವರ್ಷ ಮಾಡಿವ್ನಿ ಕಣೆ. ನನ್ ಕಣ್ಣು ಹೋಯ್ತಾ? ಮೂಗು ಹೋಯ್ತಾ?”

“ಕಣ್ಣು ಉಳ್ಕೊಂಡಿದ್ದು ನಿಮ್ ಪುಣ್ಯ. ಅದು ನಿಮ್ ಜಾಣತನ ಅಲ್ಲ.”

ಚೆಲುವಮ್ಮ ಸರಪಳಿಯಲ್ಲಿ ತೂಗುತ್ತಿದ್ದ ಗಾಲಿಯನ್ನು ನೋಡಿದಳು. ಬಣ್ಣ ಎದ್ದ ಕಡೆ ಬೆರಳಿನಿಂದ ಮುಟ್ಟಿದಳು. ಬಿಳಿ ಪುಡಿ ಬೆರಳಿಗೆ ಅಂಟಿತು. ಕಬ್ಬಿಣ ತುಕ್ಕು ಹಿಡಿದರೆ ಕೆಂಪಗೆ ಬರಬೇಕು. ಇದು ಬೆಳ್ಳಗಿತ್ತು.

“ಇದು ಯಾತರದ್ದು?”

“ಗಾಲಿ ಇನ್ಯಾತರದ್ದು? ಕಬ್ಬಿಣ.”

“ಅಲ್ಲ ಅಪ್ಪಾ, ಅದು ಅಲಾಯ್,” ಎಂದಳು ಬಾಗಿಲಲ್ಲಿ ನಿಂತಿದ್ದ ಚಂದನಾ. ರತೀಶನಿಗೆ ಫೋನು ಹಚ್ಚಿ, ಜೋರಾಗಿ ಕೇಳುವಂತೆ ಇಟ್ಟಳು.

“ಅಲಾಯ್ ಅಂದ್ರೆ ಮುಕ್ಕಾಲಿಗಿಂತ ಜಾಸ್ತಿ ಅಲ್ಯುಮಿನಿಯಮ್ಮೇ ಬಸವೇಟ್ಟಾ,” ಎಂದ, ಬಸವಯ್ಯನನ್ನು ಮಲಯಾಳದಲ್ಲಿ ಅಣ್ಣ ಎಂದು ಕರೆಯುವ ರತೀಶ. “ಸ್ವಲ್ಪ ಬೇರೆ ಲೋಹ ಸೇರಿಸಿ ಗಟ್ಟಿ ಮಾಡಿರ್ತಾರೆ. ದಯವಿಟ್ಟು ಅದನ್ನ ಸೋಡಾದಲ್ಲಿ ಮುಳುಗಿಸ್ಬೇಡಿ.”

“ಇವನಪ್ಪನ ಜೀಪಿನ ಗಾಲಿ ಬಣ್ಣಾನೂ ನಾನೇ ಬಿಡಿಸಿದ್ದು. ಈಗ ಇವನು ನಂಗೆ ಹೇಳ್ತಾನೆ,” ಎಂದು ಬಸವಯ್ಯ ಸರಪಳಿಗೆ ಕೈ ಹಾಕಿದ.

ಚೆಲುವಮ್ಮ ಕೂಗಲಿಲ್ಲ, ಅಡ್ಡ ನಿಲ್ಲಲೂ ಇಲ್ಲ. ಗಂಡನ ಸಾಮಾನಿನ ಪೆಟ್ಟಿಗೆ ತೆರೆದು, ಹಳೇ ಸ್ಪೀಕರಿನಿಂದ ಕಿತ್ತಿಟ್ಟಿದ್ದ ದುಂಡು ಅಯಸ್ಕಾಂತವನ್ನು ತೆಗೆದಳು. ಬಿದ್ದ ನಟ್ಟು, ಮೊಳೆ ಆರಿಸಲು ಬಸವಯ್ಯ ಬಳಸುವುದು ಅದನ್ನೇ.

“ಮೊದಲು ನಿಮ್ ಜೀಪಿನ ಗಾಲಿಗೆ ಹಚ್ಚಿ ನೋಡಿ.”

ಅಂಗಳದ ಜೀಪಿನ ಗಾಲಿಗೆ ಅದು ಟಪ್ಪನೆ ಅಂಟಿತು. ಬಿಡಿಸಲು ಎರಡು ಕೈ ಬೇಕಾಯಿತು.

“ಈಗ ಇದಕ್ಕೆ.”

ಕಾರಿನ ಗಾಲಿಗೆ ಹಚ್ಚಿದ. ಅಂಟಲಿಲ್ಲ. ಇನ್ನೊಂದು ಕಡೆ ಹಚ್ಚಿದ. ಅಲ್ಲಿಯೂ ಅಂಟಲಿಲ್ಲ. ಮೂರನೆಯ ಸಲ ಕೈಬಿಟ್ಟಾಗ ಅಯಸ್ಕಾಂತ ಅವನ ಕಾಲಿನ ಹೆಬ್ಬೆರಳ ಮೇಲೆಯೇ ಬಿತ್ತು.

“ಅಯ್ಯೋ! ನಿನ್ ಮನೆ ಹಾಳಾಗ!” ಎಂದು ಕಾಲು ಹಿಡಿದುಕೊಂಡ.

“ನನ್ ಮನೆ ಇದೇ ತಾನೆ,” ಎಂದಳು ಚೆಲುವಮ್ಮ. “ನಿಲ್ಲಿ, ಬಂದೆ.”

ಅವಳು ಸೋಪಿನ ಕೋಣೆಗೆ ಹೋಗಿ, ಬಾಗಿಲ ಮೇಲಿನ ಮೊಳೆಯಿಂದ ಒಂದು ಬೋಗುಣಿಯನ್ನು ತೆಗೆದುಕೊಂಡು ಬಂದಳು. ಆ ಬೋಗುಣಿಯನ್ನು ಬಾವಲಿಯಲ್ಲಿ ನೋಡದವರು ಕಡಿಮೆ. ತವರಿನಿಂದ ತಂದ ಅಲ್ಯುಮಿನಿಯಂ ಬೋಗುಣಿ. ಸೋಪಿನ ತರಬೇತಿಗೆ ಹೋಗುವ ಮುಂಚೆ, ಮನೆಯಲ್ಲೇ ಒಮ್ಮೆ ಸೋಪು ಮಾಡಿ ನೋಡೋಣ ಎಂದು ಚೆಲುವಮ್ಮ ಸೋಡಾ ನೀರನ್ನು ಕಲಸಿದ್ದು ಅದರಲ್ಲೇ. ನೀರು ನೊರೆಗಟ್ಟಿ ಕುದಿದು, ಬೋಗುಣಿ ಕಪ್ಪಾಗಿ, ಅವಳು ಹೆದರಿ ಅದನ್ನು ಹೊರಗಿಟ್ಟು ಬಂದು ಮತ್ತೆ ನೋಡುವಷ್ಟರಲ್ಲಿ ತಳದಲ್ಲಿ ತೂತುಗಳು ಬಿದ್ದಿದ್ದವು. ತರಬೇತಿಯಲ್ಲಿ ಹೇಳಿದ ಮೊದಲ ಮಾತೇ ಅದು: ಸ್ಟೀಲು ಅಥವಾ ಗಟ್ಟಿ ಪ್ಲಾಸ್ಟಿಕ್ ಬಳಸಿ, ಅಲ್ಯುಮಿನಿಯಂ ಪಾತ್ರೆ ಹತ್ತಿರಕ್ಕೂ ತರಬೇಡಿ. ತನ್ನ ತಪ್ಪನ್ನು ಅವಳು ಮುಚ್ಚಿಡಲಿಲ್ಲ. ಹೊಸದಾಗಿ ಸೇರುವ ಹೆಂಗಸರಿಗೆಲ್ಲ ಪಾಠವಾಗಲಿ ಎಂದು ಬಾಗಿಲ ಮೇಲೆ ತೂಗುಹಾಕಿದಳು. ಬಸವಯ್ಯನಿಗೆ ಅದು ಏಳು ವರ್ಷದ ತಮಾಷೆ. ಮನೆಗೆ ಬಂದ ನೆಂಟರಿಗೆಲ್ಲ, “ನಮ್ಮವಳ ಜರಡಿ ನೋಡಿದ್ರಾ?” ಎಂದು ತೋರಿಸಿ ನಗುತ್ತಿದ್ದ.

“ಇದಕ್ಕೂ ಅಯಸ್ಕಾಂತ ಹಚ್ಚಿ,” ಎಂದಳು.

ಅಂಟಲಿಲ್ಲ.

ಬಸವಯ್ಯ ಬೋಗುಣಿಯನ್ನು ಸೂರ್ಯನಿಗೆ ಹಿಡಿದ. ಅವನ ಮುಖದ ಮೇಲೆ ಆರೇಳು ಬೆಳಕಿನ ಚುಕ್ಕೆಗಳು ಬಿದ್ದವು.

“ನಾನು ಹಾಕಿದ್ದು ತಣ್ಣೀರು, ಎರಡು ಹಿಡಿ ಸೋಡಾ,” ಎಂದಳು ಚೆಲುವಮ್ಮ. “ನಿಮ್ದು ಕುದಿಯೋ ನೀರು, ಒಂದು ಭರಣಿ. ಗಾಲಿ ದಪ್ಪ ಇದೆ, ಹಿಂಗೆ ತೂತಾಗಕಿಲ್ಲ, ಒಪ್ತೀನಿ. ಆದ್ರೆ ಮೈಯೆಲ್ಲ ತಿಂದು ಗುಳಿ ಬೀಳ್ತದೆ. ಆ ಗಾಲಿ ಮೇಲೆ ಕುಳ್ಳಣ್ಣನ್ನ ಕೂರಿಸ್ಕೊಂಡು ನಿಮ್ ಮಗಳು ಕಾಡಿಗೆ ಹೋಯ್ತಾಳೆ.”

ಬಸವಯ್ಯ ಬೋಗುಣಿಯ ತೂತುಗಳ ಮೇಲೆ ಬೆರಳಾಡಿಸಿದ.

“ಇನ್ನೊಂದು. ಆ ನೊರೇಲಿ ಏಳೋದು ಜಲಜನಕ ಅಂತ ಗ್ಯಾಸು. ಬೆಂಕಿ ಕಂಡ್ರೆ ಭಗ್ ಅಂತದೆ. ಕೆಳಗೆ ಒಲೆ ಉರೀತಿದೆ. ಮೇಲೆ ನಿಮ್ ಬೀಡಿ.”

ಬಸವಯ್ಯ ತುಟಿಯಿಂದ ಬೀಡಿ ತೆಗೆದು, ಕಾಲ ಕೆಳಗೆ ಹಾಕಿ ಉಜ್ಜಿದ. ಭರಣಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ತಾನೇ ಒಲೆಗೆ ನೀರು ಹಾಕಿದ. ಇಪ್ಪತ್ತಾರು ವರ್ಷ ಊರೆಲ್ಲ ಹೊಗಳಿದ ವಿದ್ಯೆಯನ್ನು ಒಂದು ಬೋಗುಣಿ ನೋಡಿ ಕೆಳಗಿಡುವುದು ಸಣ್ಣ ಮಾತಲ್ಲ. ಬಸವಯ್ಯ ಅದನ್ನು ಐದು ನಿಮಿಷದಲ್ಲಿ ಮಾಡಿದ.

“ಸರಿ ಕಣಮ್ಮಿ. ಈಗ ಬಣ್ಣ ತೆಗೆಯೋದು ಹೆಂಗೆ? ಬೆಂಕಿ ಹಾಕಿ ಸುಡೋದಾ?”

ಫೋನಿನಲ್ಲಿ ಇನ್ನೂ ಇದ್ದ ರತೀಶನೇ ಉತ್ತರ ಕೊಟ್ಟ. “ಅಯ್ಯಯ್ಯೋ, ಬೇಡ! ಜಾಸ್ತಿ ಕಾಯ್ಸಿದ್ರೆ ಅಲಾಯ್‌ನ ಬಲ ಹೋಗುತ್ತೆ. ನೋಡಕ್ಕೆ ಚೆನ್ನಾಗೇ ಇರುತ್ತೆ, ಗುಂಡೀಲಿ ಬಿದ್ದಾಗ ಮುರಿಯುತ್ತೆ. ಪೇಂಟ್ ರಿಮೂವರ್ ಅಂತ ಸಿಗುತ್ತೆ, ಅಂಟಿನ ಹಾಗೆ ಇರುತ್ತೆ. ನಾನು ಮಾನಂತವಾಡಿಗೆ ಹೋಗ್ತಿದ್ದೀನಿ, ತರ್ತೀನಿ. ಯಾವುದು ಅಂದ್ರೆ ಅದನ್ನ ತರೋದಿಲ್ಲ. ಕೆಲವದರಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತೆ. ಮುಚ್ಚಿದ ಕೋಣೇಲಿ ಅದರ ಆವಿ ಕುಡಿದು ಸತ್ತವರಿದ್ದಾರೆ. ಅದಿಲ್ಲದ್ದು, ಅಲ್ಯುಮಿನಿಯಮ್‌ಗೆ ಆಗುತ್ತೆ ಅಂತ ಬರೆದಿರೋದು ಬೇಕು.”

ಮೂರು ಅಂಗಡಿ ತಿರುಗಿ, ಮೂರನೆಯದರಲ್ಲಿ ಅಂಥದ್ದು ಸಿಕ್ಕಿತು ಎಂದು ಸಂಜೆ ರತೀಶ ಡಬ್ಬ ತಂದುಕೊಟ್ಟ.

ಭಾನುವಾರ ಬೆಳಿಗ್ಗೆ ಕೆಲಸ ನಡೆದದ್ದು ಕೊಟ್ಟಿಗೆಯೊಳಗಲ್ಲ, ಅಂಗಳದಲ್ಲಿ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಗಾಳಿ ಬೆನ್ನಿಗೆ ಬರುವಂತೆ ನಿಂತರೆ ಆವಿ ಮುಖಕ್ಕೆ ಬರುವುದಿಲ್ಲ ಎಂದು ಚೆಲುವಮ್ಮ ಗಾಲಿಯ ಜಾಗವನ್ನು ಎರಡು ಸಲ ಬದಲಿಸಿದಳು. ಡಬ್ಬದ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ಚಂದನಾ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದಳು. ಅವಳು ಓದಿ ಮುಗಿಸುವವರೆಗೆ ಮುಚ್ಚಳ ತೆಗೆಯಲು ಅವ್ವ ಬಿಡಲಿಲ್ಲ.

“ಕೈಗವಸು ಇಂಥದ್ದೇ ಆಗ್ಬೇಕು ಅಂತಿದೆ ಅವ್ವ. ತೆಳ್ಳಗಿಂದು ಕರಗಿ ಹೋಗುತ್ತಂತೆ.”

“ರತೀಶ ಅಂಥದ್ದೇ ತಂದವ್ನೆ. ಮುಂದೆ ಓದು.”

“ಕಣ್ಣು ಪೂರ್ತಿ ಮುಚ್ಚೋ ಕನ್ನಡಕ. ತುಂಬು ತೋಳಿನ ಅಂಗಿ. ಬೆಂಕಿ ಹತ್ರ ಇರಬಾರದು. ಮಕ್ಕಳು ಹತ್ರ ಬರಬಾರದು.”

“ಬಾಯಿಗೆ ಬಟ್ಟೆ ಕಟ್ಕೊಂಡ್ರೆ ಸಾಕಲ್ವಾ?” ಎಂದ ಬಸವಯ್ಯ.

“ಬಟ್ಟೆ ದೂಳು ತಡೀಬಹುದು, ಆವಿ ತಡಿಯಲ್ಲ ಅಪ್ಪಾ. ಅದಕ್ಕೇ ಬಯಲಲ್ಲಿ ಮಾಡ್ತಿರೋದು.”

ಚೆಲುವಮ್ಮನ ಸೋಪಿನ ಕನ್ನಡಕ ಹಾಕಿಕೊಂಡ ಬಸವಯ್ಯನನ್ನು ನೋಡಿ ಚಂದನಾ ನಕ್ಕಳು. “ಬಾವಿ ಕಪ್ಪೆ ಥರ ಕಾಣ್ತೀಯ ಅಪ್ಪಾ.”

“ಕಣ್ಣಿರೋ ಕಪ್ಪೆ,” ಎಂದಳು ಚೆಲುವಮ್ಮ.

ಗಾಲಿಯನ್ನು ಮೊದಲು ಸೋಪು ಹಾಕಿ ತೊಳೆದು, ಜಿಡ್ಡು ತೆಗೆದು ಒಣಗಿಸಿದ್ದರು. ಗಾಳಿ ತುಂಬುವ ವಾಲ್ವು, ತೂಕ ಸರಿದೂಗಿಸಲು ಅಂಟಿಸಿದ ಸೀಸದಂಥ ತುಣುಕುಗಳನ್ನು ರತೀಶ ಮೊದಲೇ ಬಿಚ್ಚಿ ಕೊಟ್ಟಿದ್ದ. ಬಸವಯ್ಯ ಹಳೇ ಬ್ರಷ್ಷಿನಿಂದ ರಿಮೂವರನ್ನು ದಪ್ಪಗೆ ಹಚ್ಚಿ, ಒಣಗಿಹೋಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ. ಅರ್ಧ ಗಂಟೆ ಬಿಡಬೇಕು ಎಂದು ಡಬ್ಬದ ಮೇಲಿತ್ತು. ಹತ್ತೇ ನಿಮಿಷಕ್ಕೆ ಅವನ ಕೈ ಚಡಪಡಿಸಿತು.

“ಕೆರೆಯೋಣ್ವಾ?”

“ಸೋಪು ಹದವಾಗಕ್ಕೆ ನಾಲ್ಕು ವಾರ ಕಾಯೋಳು ನಾನು. ನಿಮಗೆ ಅರ್ಧ ಗಂಟೆ ಆಗಲ್ವಾ?”

ಕಾಯುವ ಹೊತ್ತಿನಲ್ಲಿ ಬಸವಯ್ಯ ಒಂದು ಕೆಲಸ ಮಾಡಿದ. ಉಕ್ಕಿನ ಚಾಕುವಿನಿಂದ ಕೆರೆದರೆ ಅಲಾಯ್ ಮೇಲೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಪಟ್ಟಿ ಗಾಲಿಯ ಕಡ್ಡಿಗಳ ಸಂದಿಗೆ ಹೋಗುವುದಿಲ್ಲ. ಅವನು ಬೇಲಿಯ ಬಿದಿರು ಕಡಿದು, ಮೂರು ಕಡ್ಡಿ ಸೀಳಿ, ಒಂದನ್ನು ಉಳಿಯಂತೆ, ಒಂದನ್ನು ಚಮಚದಂತೆ, ಒಂದನ್ನು ಉಗುರಿನಂತೆ ಕೆತ್ತಿದ. ಟೈರಿನ ಅಂಚು ಕೂರುವ ಬಳುಕಿಗೆ ಆ ಚಮಚ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಡಬ್ಬದ ಮೇಲೆ ಅದನ್ನು ಯಾರೂ ಬರೆದಿರಲಿಲ್ಲ. ಅದು ಅವನ ಕೈಯ ವಿದ್ಯೆ.

ಹಾಳೆ ತೆಗೆದಾಗ ಕ್ಲಿಯರ್ ಕೋಟ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತ್ತು. ಬಿದಿರಿನಿಂದ ಸವರಿದರೆ ಪೂರ್ತಿ ಸುರುಳಿಯಾಗಿ ಬಂತು. ಅದರಡಿ ಕಪ್ಪು ಬಣ್ಣ. ಎರಡನೆಯ ಸಲ ಹಚ್ಚಿದಾಗ ಕಪ್ಪು ಹೋಗಿ ಕೆಂಪು ಕಂಡಿತು.

“ಇವಳಿಗಿಂತ ಮುಂಚೆ ಇಟ್ಕೊಂಡಿದ್ದೋನು ಕೆಂಪು ಹೊಡೆಸಿದ್ದ ನೋಡು, ಶೋಕಿಲಾಲ!” ಎಂದ ಬಸವಯ್ಯ.

ಮೂರನೆಯ ಸಲಕ್ಕೆ ಕೆಂಪೂ ಹೋಗಿ, ಅಡಿಯ ಬೂದು ಪ್ರೈಮರೂ ಹೋಗಿ, ಗಾಲಿ ಹುಟ್ಟಿದಾಗಿನ ಮೈಬಣ್ಣ ತೋರಿಸಿತು. ಬಿಳಿ ಪುಡಿ ಉಳಿದ ಕಡೆ ನೀರು ಹಾಕುತ್ತ ನಯವಾದ ಮರಳು ಕಾಗದದಿಂದ ಉಜ್ಜಿದರು. ಒಣಗಿದ್ದಾಗ ಉಜ್ಜಿದರೆ ಹಳೇ ಬಣ್ಣದ ದೂಳು ಉಸಿರಿಗೆ ಹೋಗುತ್ತದೆ. ಸೀಸ ಬೆರೆತ ಬಣ್ಣವಾಗಿದ್ದರೆ ಅದು ವಿಷ. ಯಾವುದರಲ್ಲಿ ಸೀಸವಿದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿನಿಂದ ನೋಡಿ ಹೇಳಲು ಆಗುವುದಿಲ್ಲ.

ಕೆರೆದ ಕೆಸರನ್ನು ಕಾಗದದ ಮೇಲೆ ಹಿಡಿದು ಹಳೇ ತಗಡಿನ ಡಬ್ಬಕ್ಕೆ ಹಾಕಿದ್ದರು. ಕೊನೆಯಲ್ಲಿ ಗಾಲಿ ತೊಳೆದ ನೀರು ಬಾನಿಯಲ್ಲಿತ್ತು. ಬಸವಯ್ಯ ಬಾನಿ ಎತ್ತಿಕೊಂಡು, ಅಭ್ಯಾಸಬಲದಿಂದ, ಹೊಳೆಯ ಇಳಿಜಾರಿನ ಕಡೆ ಹೆಜ್ಜೆ ಹಾಕಿದ.

“ಬಾಳೆ,” ಎಂದಳು ಚೆಲುವಮ್ಮ.

ಒಂದೇ ಮಾತು. ಬಸವಯ್ಯ ನಿಂತ. ಜೀಪಿನ ಕಾಲದಲ್ಲಿ ಡ್ರಮ್ಮಿನ ನೀರನ್ನು ಅಲ್ಲೇ ಚೆಲ್ಲಿದ್ದರಿಂದ ಎರಡು ಗೊನೆಬಿಟ್ಟ ಬಾಳೆ ಸುಟ್ಟುಹೋಗಿದ್ದವು. ಅದರಾಚೆ ಇರುವುದು ಬಾವಲಿ ಹೊಳೆ. ಅದು ಸೇರುವುದು ಕಬಿನಿಯನ್ನು. ಆ ನೀರನ್ನು ಕುಡಿಯುವವರು ಗಡಿಯ ಎರಡೂ ಕಡೆ ಇದ್ದಾರೆ.

ಅವನು ತಿರುಗಿ ಬಂದು ನೀರನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿದ. ಕೆಸರಿನ ಡಬ್ಬ, ಒರೆಸಿದ ಬಟ್ಟೆ, ಕ್ಯಾನು, ಮೂರನ್ನೂ ಮಕ್ಕಳ ಕೈಗೆ ಸಿಗದಂತೆ ನೆರಳಿನಲ್ಲಿ ಒತ್ತಟ್ಟಿಗಿಟ್ಟರು. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಸುನಿತಾಗೆ ಚಂದನಾ ಫೋನು ಮಾಡಿದಳು. “ಪ್ಲಾಸ್ಟಿಕ್ಕಿನ ಜೊತೆ ಸೇರಿಸ್ಬೇಡ ಮಗಳೇ. ಇಂಥದ್ದನ್ನ ಎಲ್ಲಿಗೆ ಕೊಡ್ಬೇಕು ಅಂತ ಪಂಚಾಯತ್‌ನಲ್ಲಿ ಕೇಳಿ ಹೇಳ್ತೀನಿ. ಅಲ್ಲೀವರೆಗೂ ಮುಚ್ಚಿಡು,” ಎಂದಳು ಸುನಿತಾ. ಹೆಸರಿಲ್ಲದ ಸೋಡಾ ಭರಣಿಗೆ ಚೆಲುವಮ್ಮ ಅಂದೇ ಚೀಟಿ ಅಂಟಿಸಿ, ತನ್ನ ಬೀಗದ ಪೆಟ್ಟಿಗೆಯಲ್ಲಿಟ್ಟಳು.

ಭಾನುವಾರ ಸಂಜೆ ರತೀಶ ಬೆತ್ತಲೆ ಗಾಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಒಂದೇ ಒಂದು ಗೀರು ಇರಲಿಲ್ಲ.

“ಬಸವೇಟ್ಟಾ, ನನ್ ಅಂಗಡೀಲಿ ಕೆಲಸಕ್ಕೆ ಬರ್ತೀರಾ?”

“ನಿನ್ನಂಥ ಮಾಲೀಕನ ಕೈಲಿ ಬೈಸ್ಕೊಳ್ಳಕ್ಕಾ? ಮನೇಲೇ ಒಬ್ಳವ್ಳೆ, ಸಾಕು,” ಎಂದ ಬಸವಯ್ಯ.

ರತೀಶ ಅಂದೇ ಪ್ರೈಮರು, ಬಣ್ಣ, ಕ್ಲಿಯರ್ ಕೋಟ್ ಹೊಡೆದ. ಟೈರಿನ ಅಂಚು ಕೂರುವ ಕಡೆ ತೆಳ್ಳಗೆ. ನಟ್ಟು ಕೂರುವ ಕುಳಿಗಳಿಗೂ ಗಾಲಿ ಕಾರಿಗೆ ತಾಗುವ ಹಿಂಬದಿಗೂ ಬಣ್ಣ ಬೀಳದಂತೆ ಕಾಗದ ಅಂಟಿಸಿದ್ದ. ಅಲ್ಲಿ ಬಣ್ಣ ದಪ್ಪವಾದರೆ ನಟ್ಟು ಸಡಿಲಾಗುತ್ತದೆ. ಬಣ್ಣದ ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಸೋಮವಾರ ಸಂಜೆ, ಅಂಗಡಿಗೆ ಬಂದಿದ್ದ ಮನೆಯ ಮೂವರ ಮುಂದೆ, ಟೈರು ಏರಿಸಿ ಗಾಳಿ ತುಂಬಿದ.

“ಸೋಪಿನ ನೀರು ಹಚ್ಚು,” ಎಂದಳು ಚಂದನಾ.

“ತಡಿ,” ಎಂದು ಚೆಲುವಮ್ಮ ಸೆರಗಿನ ಗಂಟಿನಿಂದ ತನ್ನದೇ ಒಂದು ಸೋಪಿನ ತುಂಡು ಬಿಚ್ಚಿದಳು.

ಅಂಚಿನ ಸುತ್ತ ನೊರೆ ಹಚ್ಚಿ ನಾಲ್ಕೂ ಜನ ಬಗ್ಗಿ ನಿಂತರು. ಒಂದು ನಿಮಿಷ. ಎರಡು ನಿಮಿಷ. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ರತೀಶ ಹೊಸ ಬಣ್ಣದ ಗಾಲಿಯನ್ನು ಮುಂದೆ ಹಾಕಿ, ಸ್ಟೆಪ್ನಿಯನ್ನು ಡಿಕ್ಕಿಗೆ ಸೇರಿಸಿದ.

ಮಂಗಳವಾರ ಆರೂವರೆಗೆ ಕಾರು ಹಾಡಿಯ ಮುಂದೆ ನಿಂತಿತು. ಸಂಜೆ, ಹಿಂದಿರುಗುವಾಗ, ಅದೇ ಬಿದಿರು ಮೆಳೆಯ ತಿರುವು ಬಂತು. ಕುಳ್ಳನ್ ಕಣ್ಣು ಬಿಟ್ಟರು.

“ಇವತ್ತು ನಿಲ್ಲಲ್ವಾ ಮಗಳೇ?”

“ಇಲ್ಲ ಮಾವ.”

“ಪಾಪ, ಆನೆ ಕಾಯ್ತಿದ್ದೀತು,” ಎಂದು ಅವರು ಮತ್ತೆ ಒರಗಿ ಕಣ್ಣು ಮುಚ್ಚಿದರು. ಬಾವಲಿಯ ಚೆಕ್‌ಪೋಸ್ಟ್ ಬರುವವರೆಗೂ ಅವರಿಗೆ ಎಚ್ಚರವಾಗಲಿಲ್ಲ.

ಇನ್ನುಳಿದ ಗಾಲಿಗಳ ಬಣ್ಣವನ್ನು ಬಸವಯ್ಯ ಮುಂದಿನ ಭಾನುವಾರಗಳಲ್ಲಿ ಒಂದೊಂದಾಗಿ ಬಿಡಿಸಿದ. ಈಗ ಕಾಟ್ಟಿಕುಳಂ ಕಡೆಯಿಂದಲೂ ಜನ ಗಾಲಿ ತರುತ್ತಾರೆ. ಯಾರೇ ತಂದರೂ ಅವನು ಮೊದಲು ಕೊಡುವುದು ಅಯಸ್ಕಾಂತ. “ಹಚ್ಚಿ ನೋಡಿ, ಆಮೇಲೆ ಮಾತು,” ಎನ್ನುತ್ತಾನೆ. ಚೆಲುವಮ್ಮನ ತೂತು ಬೋಗುಣಿ ಸೋಪಿನ ಕೋಣೆಯ ಬಾಗಿಲಿನಲ್ಲಿಲ್ಲ. ಅವನೇ ಕೇಳಿ ತಂದು ತನ್ನ ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿಕೊಂಡಿದ್ದಾನೆ. ಯಾರಾದರೂ ಅದನ್ನು ನೋಡಿ ನಕ್ಕರೆ, ಅವರನ್ನು ಕೂರಿಸಿ ಪೂರ್ತಿ ಕಥೆ ಹೇಳುತ್ತಾನೆ. ಏಳು ವರ್ಷ ತಾನು ನಕ್ಕದ್ದನ್ನೂ ಬಿಡದೆ ಹೇಳುತ್ತಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಕಾರಿನ ಗಾಲಿಗಳನ್ನು ಇವತ್ತೇ ಒಮ್ಮೆ ನೋಡಿ. ಬಣ್ಣ ಉಬ್ಬಿದೆಯೇ? ಪಂಚರ್ ಇಲ್ಲದೆ ಗಾಳಿ ಇಳಿಯುತ್ತದೆಯೇ? ಹಾಗಿದ್ದರೆ ಬಲ್ಲವರಿಗೆ ತೋರಿಸಿ. ಬಿರುಕು ಬಿಟ್ಟ, ಬಾಗಿದ ಗಾಲಿಗೆ ಬಣ್ಣ ಹೊಡೆದು ಓಡಿಸಬೇಡಿ. ಹಳೇ ಬಣ್ಣ ತೆಗೆಯುವ ಮುಂಚೆ ಅಯಸ್ಕಾಂತ ಹಚ್ಚಿ. ಅಂಟದಿದ್ದರೆ ಕಾಸ್ಟಿಕ್ ಸೋಡಾವನ್ನೂ ಬೆಂಕಿಯನ್ನೂ ದೂರವಿಡಿ. ಡಬ್ಬದ ಮೇಲಿನ ಬರಹ ಓದಲು ಬಾರದಿದ್ದರೆ ಓದುವವರನ್ನು ಕರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡ. ಕಣ್ಣಿಗೆ ಏನಾದರೂ ಸಿಡಿದರೆ ಉಜ್ಜಬೇಡಿ. ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು, ಆ ಡಬ್ಬವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಕೆರೆದ ಕೆಸರನ್ನೂ ತೊಳೆದ ನೀರನ್ನೂ ಹೊಳೆಗೆ ಬಿಡಬೇಡಿ.

ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರೋ ಕಣ್ಣು ಮುಚ್ಚಿ ಒರಗಿರುತ್ತಾರೆ. ಮನೆ ಬರುವವರೆಗೂ ಅವರಿಗೆ ಎಚ್ಚರವಾಗದಂತೆ ನೋಡಿಕೊಳ್ಳಿ.